ಬಲಗಡೆ ಬಡಿಯುವ ಹೃದಯವನ್ನು ಮುಚ್ಚಿಡಬೇಡಿ

(ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ತಂದೆ ತಾಯಿ ಓದಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.)

ಮಗಳ ವಿಷಯ ಮಾತಾಡಲು ನನ್ನ ಹತ್ತಿರ ಬಂದ ಸವಿತಾ ಕೋಣೆಯ ಬಾಗಿಲು ಹಾಕಿ ಬಂದು ಕೂತರು. ಮೊದಲ ಮಾತೇ ಇದು: "ಅಕ್ಕೋರೆ, ನೀವು ಯಾರಿಗೂ ಹೇಳೂದಿಲ್ಲ ಅಲ್ವಾ?"

ಕುಮಟಾ ಕಡೆಯ ಮನೆ. ಗಂಡ ತದಡಿ ಬಂದರಿನ ಬೋಟಿನಲ್ಲಿ ದುಡಿಯುತ್ತಾರೆ, ಅತ್ತೆ ಮೀನು ಮಾರುತ್ತಾರೆ. ಮಗಳನ್ನು ಚಿನ್ನು ಎಂದು ಕರೆಯೋಣ. ಅವಳಿಗೆ ಮೂರು ವರ್ಷ ಎಂಟು ತಿಂಗಳಿದ್ದಾಗ, ಅಂಗನವಾಡಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಒಂದು ಭುಜ ಎತ್ತರ ಇರುವುದನ್ನು ಕಂಡಿತು. ಎಕ್ಸ್‌ರೇ ತೆಗೆಸಿದರೆ ಎರಡು ಸಂಗತಿ ಒಟ್ಟಿಗೆ ಹೊರಬಿದ್ದವು. ಬೆನ್ನುಮೂಳೆಯ ಒಂದು ಮಣಿ ಅರ್ಧ ಮಾತ್ರ ಬೆಳೆದಿತ್ತು. ಹೃದಯ ಬಲಗಡೆ ಇತ್ತು. ಆಮೇಲೆ ಸ್ಕ್ಯಾನಿಂಗ್‌ನಲ್ಲಿ ಲಿವರ್ ಕೂಡ ಎಡಕ್ಕಿರುವುದು ಗೊತ್ತಾಯಿತು.

ಮನೆಯವರಿಗೆ ಬೆನ್ನು ಮರೆತೇ ಹೋಯಿತು. ಹೃದಯದ ಮಾತೊಂದೇ ತಲೆಯಲ್ಲಿ ಉಳಿಯಿತು. ಅಜ್ಜಿ ಕಟ್ಟುನಿಟ್ಟಾಗಿ ಹೇಳಿದರು: ಊರಿನಲ್ಲಿ ಯಾರಿಗೂ ಗೊತ್ತಾಗಬಾರದು, ನಾಳೆ ಹುಡುಗಿಗೆ ಗಂಡು ಯಾರು ಕೊಡ್ತಾರೆ?

ಈ ಗುಟ್ಟಿನಿಂದ ಆದ ನಷ್ಟ ದೊಡ್ಡದು. ಬೆನ್ನಿನ ಎಂಆರ್‌ಐಗೆ ಮಗುವಿಗೆ ಅರಿವಳಿಕೆ ಕೊಟ್ಟು ಮಲಗಿಸಬೇಕು, ಅದಕ್ಕೆ ಮುಂಚೆ ಒಂದು ಕಡೆ ಇಸಿಜಿ ಮಾಡಿದರು. ಹೃದಯ ಬಲಕ್ಕಿದೆ ಎಂದು ಸವಿತಾ ಹೇಳಲಿಲ್ಲ. ಇಸಿಜಿಯ ಗೆರೆ ಏರುಪೇರಾಗಿ ಬಂತು. ಅದು ಸಹಜ. ಎಲ್ಲರಿಗೂ ಅಂಟಿಸುವಂತೆ ಎಡಕ್ಕೆ ಅಂಟಿಸಿದರೆ ಬಲಗಡೆಯ ಹೃದಯದ ಗೆರೆ ಹಾಗೇ ಬರುತ್ತದೆ. ಪರೀಕ್ಷೆ ಮುಂದೂಡಿದರು. ಮನೆಯವರು ಹೆದರಿ ಆಸ್ಪತ್ರೆಯನ್ನೇ ಬಿಟ್ಟರು. ಐದು ತಿಂಗಳು ಗಾಂವಟಿ ಎಣ್ಣೆ ಹಾಕಿ ಬೆನ್ನು ಒತ್ತಿಸಿದರು. ಮೊದಲ ಎಕ್ಸ್‌ರೇಯಲ್ಲಿ 34 ಡಿಗ್ರಿ ಇದ್ದ ಓರೆ, ನನ್ನ ಹತ್ತಿರ ಬರುವಾಗ 43 ಆಗಿತ್ತು.

ಸವಿತಾ ಅಳುತ್ತಾ ಹೇಳಿದ್ದು ಗ್ರಹಣದ ವಿಷಯ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಅವರಿಗೆ ಏಳು ತಿಂಗಳು. ಆ ದಿನ ಮೀನು ಹೆಚ್ಚಿದ್ದರಂತೆ. "ಅದೇ ಕತ್ತಿ ಮಗೂಗೆ ತಾಗ್ತು" ಎಂದು ಅತ್ತೆ ಒಮ್ಮೆ ಅಂದಿದ್ದರು. ನಾಲ್ಕು ವರ್ಷದಿಂದ ಆ ಮಾತನ್ನು ಎದೆಯಲ್ಲಿ ಇಟ್ಟುಕೊಂಡಿದ್ದರು.

ನಾನು ಗ್ರಹಣ ಸುಳ್ಳು ಎಂದು ವಾದಕ್ಕೆ ಇಳಿಯಲಿಲ್ಲ. ತಿಂಗಳ ಲೆಕ್ಕ ಹಾಕಿ ತೋರಿಸಿದೆ. ಬೆನ್ನಿನ ಮಣಿಗಳು ಮೂಡುವುದು ಬಸಿರಿನ ಮೊದಲ ಕೆಲವೇ ವಾರಗಳಲ್ಲಿ. ಯಾವ ಅಂಗ ಎಡಕ್ಕೆ, ಯಾವುದು ಬಲಕ್ಕೆ ಎಂಬುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಗೊತ್ತಾಗಿಬಿಡುತ್ತದೆ. ಎಷ್ಟೋ ತಾಯಂದಿರಿಗೆ ತಾವು ಬಸಿರಿ ಎಂದೇ ಆಗ ತಿಳಿದಿರುವುದಿಲ್ಲ. "ತಂಗೀ, ಗ್ರಹಣದ ದಿನ ಚಿನ್ನುವಿನ ಬೆನ್ನೂ ಹೃದಯವೂ ಮೂಡಿ ಎಷ್ಟೋ ತಿಂಗಳಾಗಿತ್ತು" ಎಂದೆ. ಅವರು ಬೆರಳು ಮಡಚಿ ಎರಡು ಸಲ ಎಣಿಸಿದರು. ತುಂಬಾ ಹೊತ್ತು ಮಾತಾಡಲಿಲ್ಲ.

ಮುಂದಿನ ವಾರ ಅಜ್ಜಿಯನ್ನೂ ಕರೆಸಿದೆ. ಮನೆಯಲ್ಲಿ ತೀರ್ಮಾನ ಅವರದ್ದೇ, ಅವರನ್ನು ಹೊರಗಿಟ್ಟು ಏನೂ ನಡೆಯುವುದಿಲ್ಲ. ಒಂದು ಕನ್ನಡಿ ಹಿಡಿದು ತೋರಿಸಿದೆ. ಕನ್ನಡಿಯಲ್ಲಿ ಕಾಣುವ ಹಾಗೆ ಎಲ್ಲವೂ ಪೂರ್ತಿ ಅದಲುಬದಲಾಗಿದ್ದು, ಹೃದಯದ ಒಳಗಿನ ರಚನೆ ಸರಿ ಇದ್ದರೆ, ಹೆಚ್ಚಿನವರು ಎಲ್ಲರಂತೆ ಬಾಳುತ್ತಾರೆ. ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಹೀಗೆ ಹುಟ್ಟುತ್ತಾರೆ. ಕೆಲವು ಮಕ್ಕಳಲ್ಲಿ ಅರ್ಧಂಬರ್ಧ ಅದಲುಬದಲಾಗಿರುತ್ತದೆ. ಅಲ್ಲಿ ಹೃದಯದ ದೋಷ, ಸೋಂಕಿನ ವಿರುದ್ಧ ಹೋರಾಡಲು ನೆರವಾಗುವ ಸ್ಪ್ಲೀನ್ (ಗುಲ್ಮ) ಇಲ್ಲದಿರುವುದು, ಅದರಿಂದ ಸೋಂಕಿನ ಭಯ ಎಲ್ಲ ಇರಬಹುದು. ನಮ್ಮದು ಯಾವುದು ಎಂದು ವೈದ್ಯರನ್ನು ಕೇಳಲೇಬೇಕು. ಚಿನ್ನುವಿನದು ಪೂರ್ತಿ ಅದಲುಬದಲು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಹೃದಯ ಚೆನ್ನಾಗಿತ್ತು.

ಅಜ್ಜಿ ಸ್ವಲ್ಪ ಹೊತ್ತು ಕನ್ನಡಿ ನೋಡಿ, "ಬಲಮುರಿ ಶಂಖ ಇದ್ದಾಂಗೆ ಅಲ್ವಾ?" ಎಂದರು. ಕಡಲಿನಲ್ಲಿ ಸಿಗುವ ಶಂಖವೆಲ್ಲ ಒಂದೇ ಕಡೆ ಸುತ್ತಿರುತ್ತದೆ, ಎಲ್ಲೋ ಒಂದು ಬೇರೆ ಕಡೆ. ಅದಕ್ಕೆ ನಾವು ಪೂಜೆ ಮಾಡುತ್ತೇವೆ. ಮಗುವನ್ನು ಪೂಜಿಸುವುದೂ ಬೇಡ, ಮುಚ್ಚಿಡುವುದೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಆದರೂ ಆ ಹೋಲಿಕೆಯನ್ನು ತಿದ್ದದೆ ಹಾಗೇ ಬಿಟ್ಟೆ. ಅಜ್ಜಿಗೆ ನಾಚಿಕೆಯಿಂದ ಹೊರಬರಲು ದಾರಿ ಸಿಕ್ಕಿತ್ತು.

ಆಮೇಲೆ ಬೆನ್ನಿಗೆ ಬಂದೆವು. ಕಾಯಲು ಆಗದೇ ಇರುವುದು ಬೆನ್ನು ಎಂದು ಸ್ಪಷ್ಟವಾಗಿ ಹೇಳಿದೆ. ಅರ್ಧ ಮಣಿ ಬೆಣೆಯ ಹಾಗೆ ನಡುವೆ ಸಿಕ್ಕಿಕೊಂಡಿರುತ್ತದೆ. ಮಗು ಬೆಳೆದ ಹಾಗೆ ಒಂದು ಬದಿ ಜಾಸ್ತಿ ಬೆಳೆದು ಬೆನ್ನು ಇನ್ನೂ ಓರೆಯಾಗುತ್ತದೆ. ಮೊದಲ ಐದು ವರ್ಷ ಮತ್ತು ಮೈನೆರೆಯುವ ಹೊತ್ತು, ಇವೆರಡೂ ಜೋರಾಗಿ ಬೆಳೆಯುವ ಕಾಲ. ಹುಟ್ಟಿನಿಂದ ಬಂದ ಇಂಥ ಓರೆಗೆ ಬೆಲ್ಟ್ ಸಾಮಾನ್ಯವಾಗಿ ಹೆಚ್ಚು ಪ್ರಯೋಜನ ಕೊಡುವುದಿಲ್ಲ. ಎಣ್ಣೆ ಹಚ್ಚಿದರೆ ಮೂಳೆಯ ಆಕಾರ ಬದಲಾಗುವುದಿಲ್ಲ. ಬಲವಾಗಿ ಒತ್ತುವುದನ್ನು ಆವತ್ತೇ ನಿಲ್ಲಿಸಲು ಹೇಳಿದೆ, ಯಾಕೆಂದರೆ ಇಂಥ ಕೆಲವು ಮಕ್ಕಳಲ್ಲಿ ಬೆನ್ನುಹುರಿಯಲ್ಲೂ ತೊಂದರೆ ಇರುತ್ತದೆ. ಅದಕ್ಕಾಗಿಯೇ ಎಂಆರ್‌ಐ ಬೇಕು. ಮೂತ್ರಪಿಂಡದ ಸ್ಕ್ಯಾನಿಂಗ್ ಕೂಡ ಬೇಕು.

ಇನ್ನೊಂದು ವಿಷಯ ಮಾತಿನ ನಡುವೆ ಸುಮ್ನೆ ಬಂತು. ಚಿನ್ನುವಿಗೆ ಹುಟ್ಟಿದಾಗಿನಿಂದ ಮೂಗು ಸೋರುತ್ತದೆ, ಕಫದ ಕೆಮ್ಮು ಬಿಟ್ಟಿದ್ದೇ ಇಲ್ಲ. ಕಡಲ ಗಾಳಿ ಎಂದು ಎಲ್ಲರೂ ಸುಮ್ಮನಿದ್ದರು. ಅಂಗ ಅದಲುಬದಲಾದ ಮಕ್ಕಳಲ್ಲಿ ಸುಮಾರು ನಾಲ್ಕು ಐದು ಮಂದಿಯಲ್ಲಿ ಒಬ್ಬರಿಗೆ, ಶ್ವಾಸನಾಳದ ಕಫವನ್ನು ಹೊರಗೆ ತಳ್ಳುವ ಸೂಕ್ಷ್ಮ ರೋಮಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಗೆ ಮುಂಚೆ ಇದು ವೈದ್ಯರಿಗೆ ಗೊತ್ತಿರಬೇಕು. ನಾನು ವೈದ್ಯೆ ಅಲ್ಲ, ಹಾಗಾಗಿ ಚೀಟಿಯಲ್ಲಿ ಬರೆದುಕೊಟ್ಟು ಕೇಳಲು ಹೇಳಿದೆ. ಆಮೇಲೆ ವೈದ್ಯರು ಚಿನ್ನುವಿಗೆ ಎದೆಯ ಫಿಸಿಯೋಥೆರಪಿ ಶುರುಮಾಡಿಸಿದರು.

ತಂದೆ ಒಂದೇ ಪ್ರಶ್ನೆ ಕೇಳಿದರು: "ಎಲ್ಲಾ ಉಲ್ಟಾ ಇದ್ದಲ್ಲಿ ಕೊಯ್ಯೂದು ಹೇಗೆ?" ಸರಿಯಾದ ಪ್ರಶ್ನೆ. ಬೆನ್ನುಮೂಳೆಯ ಎಡಕ್ಕೆ ಇಳಿಯುವ ದೊಡ್ಡ ರಕ್ತನಾಳ ಇಂಥವರಲ್ಲಿ ಬಲಕ್ಕೆ ಇರುತ್ತದೆ, ಆದ್ದರಿಂದ ಆ ಬದಿಯ ಸ್ಕ್ರೂ ಹಾಕುವಾಗ ಇನ್ನೂ ಎಚ್ಚರ ಬೇಕು. ಅರಿವಳಿಕೆಯವರಿಗೂ ಶ್ವಾಸನಾಳದ ಕವಲುಗಳು ಎಡಬಲ ಅದಲುಬದಲಾಗಿವೆ ಎಂದು ತಿಳಿದಿರಬೇಕು. ಮೊದಲೇ ಗೊತ್ತಿದ್ದರೆ ಅವರು ತಯಾರಾಗಿ ಬರುತ್ತಾರೆ. ಇದನ್ನು ಕೇಳಿದ ಮೇಲೆ ತಂದೆಯೇ ಒಂದು ಕಾರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದರು: ಹೃದಯ ಬಲಗಡೆ, ಲಿವರ್ ಎಡಗಡೆ, ಅಪೆಂಡಿಕ್ಸ್ ಎಡಗಡೆ. ಮುಂದೆಂದಾದರೂ ಹೊಟ್ಟೆನೋವು ಬಂದರೆ ಕೊನೆಯ ಸಾಲು ಅವಳ ಜೀವ ಉಳಿಸಬಹುದು.

ಖರ್ಚಿಗೆ ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅರ್ಜಿ ಹಾಕಿಸಿದೆವು. ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಕೈಯಲ್ಲಿರಲಿ. ಆದರೆ ಇಂಥ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಮಣಿಪಾಲವೋ, ಮಂಗಳೂರೋ, ಹುಬ್ಬಳ್ಳಿಯೋ ಎಂದು ಅಲೆಯಬೇಕು. ಬಸ್ಸು, ಊಟ, ತಪ್ಪಿದ ದುಡಿಮೆ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಇದು ನನಗೆ ಇವತ್ತಿಗೂ ಸಂಕಟ ಕೊಡುವ ಸಂಗತಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆಗ ಅಪ್ಪ ದಡದಲ್ಲಿರುತ್ತಾರೆ ಎಂದು, ವೈದ್ಯರನ್ನು ಕೇಳಿ ಆ ಹೊತ್ತಿಗೇ ದಿನ ಇಟ್ಟುಕೊಂಡರು.

ಜುಲೈಯಲ್ಲಿ ಅರ್ಧ ಮಣಿ ತೆಗೆದು, ಮೇಲೆ ಕೆಳಗಿನ ಮಣಿಗಳನ್ನು ಸ್ಕ್ರೂ ಹಾಕಿ ಸೇರಿಸಿದರು. ಬೆಳವಣಿಗೆ ಮುಗಿಯುವವರೆಗೆ ಎಕ್ಸ್‌ರೇ ತಪ್ಪಿಸುವ ಹಾಗಿಲ್ಲ, ಮುಂದೆ ಮತ್ತೆ ಓರೆಯಾಗಲೂಬಹುದು. ಅದನ್ನೂ ಮುಚ್ಚದೆ ಹೇಳಿದ್ದೇವೆ.

ಮೊನ್ನೆ ಸವಿತಾ ಫೋನ್ ಮಾಡಿದ್ದರು. ಅಂಗನವಾಡಿ ಅಕ್ಕೋರಿಗೆ ಕಾರ್ಡು ತೋರಿಸಿ ಎಲ್ಲ ವಿವರಿಸಿದರಂತೆ, ಅಜ್ಜಿಯೂ ಜೊತೆಗೆ ಹೋಗಿದ್ದರಂತೆ. ಗ್ರಹಣದ ಮಾತು ಇನ್ನೂ ಒಮ್ಮೊಮ್ಮೆ ರಾತ್ರಿ ಕಾಡುತ್ತದೆ ಎಂದರು. ಬರುವ ಗುರುವಾರ ಬರಲು ಹೇಳಿದ್ದೇನೆ.