ಶಿರಾಜ್, ಕ್ಯಾಬರ್ನೆ ಎರಡೂ ಒಂದೇ ರುಚಿ ಎನಿಸಿದರೆ

ಶಿರಾಜ್ ಮತ್ತು ಕ್ಯಾಬರ್ನೆ ಸೋವಿನ್ಯೋನ್ ಎಂಬ ಎರಡು ಕೆಂಪು ವೈನ್‌ಗಳೂ ನಿಮಗೆ ಒಂದೇ ಬಗೆಯಲ್ಲಿ ಗಂಟಲು ಸುಡುವಂತೆ ತೋರಿದರೆ, ಅದಕ್ಕೆ ವೈನಿನ ಬಿಸುಪು ಕಾರಣವಿರಬಹುದು. ಬೇಸಿಗೆಯ ಕೋಣೆಯಲ್ಲಿ, 30 ಡಿಗ್ರಿಯ ಆಸುಪಾಸಿನಲ್ಲಿ, ಆಲ್ಕೋಹಾಲಿನ ಘಾಟು ಹಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಮೊದಲು ಬಾಟಲಿಗಳನ್ನು ಸುಮಾರು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಯ ಸಮೀಪಕ್ಕೆ ತನ್ನಿ. ಬಳಿಕ ಒಂದೇ ಆಕಾರದ ಎರಡು ಗ್ಲಾಸುಗಳಿಗೆ ಸ್ವಲ್ಪವೇ ಸುರಿದು, ಕುಡಿಯುವ ಮೊದಲು ಎರಡನ್ನೂ ಒಂದರ ನಂತರ ಒಂದು ಮೂಸಿ ನೋಡಿ: ಶಿರಾಜ್‌ನಲ್ಲಿ ಆಗತಾನೆ ಕುಟ್ಟಿದ ಕಾಳುಮೆಣಸಿನ ವಾಸನೆ, ಕ್ಯಾಬರ್ನೆಯಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯನ್ನು ಸೀಳಿದಾಗ ಬರುವಂಥ ವಾಸನೆ ಸಿಗಬಹುದು, ಆದರೆ ಪ್ರತಿ ಬಾಟಲಿಯಲ್ಲೂ ಸಿಗುತ್ತದೆಂದಲ್ಲ. ಆಮೇಲೆ ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಒಸಡು ಎಷ್ಟು ಒಣಗಿದಂತಾಗುತ್ತದೆ ಎಂಬುದನ್ನು ಗಮನಿಸಿ; ಸಾಮಾನ್ಯವಾಗಿ ಕ್ಯಾಬರ್ನೆಯ ಹಿಡಿತವೇ ಹೆಚ್ಚು. ರುಚಿಯನ್ನು ಬರೆದುಕೊಳ್ಳುವಾಗ ನೀವು ಎಂದೂ ತಿನ್ನದ ಬ್ಲ್ಯಾಕ್‌ಕರಂಟ್‌ನಂಥ ವಿದೇಶಿ ಹಣ್ಣಿನ ಹೆಸರು ಬೇಡ, ನೇರಳೆ ಎನಿಸಿದರೆ ನೇರಳೆ ಎಂದೇ ಬರೆಯಿರಿ. ಬಾಟಲಿ ತೆರೆದು ವಾರ ಕಳೆದಿದ್ದರೆ, ಹೊಸ ಬಾಟಲಿ ತೆರೆದೇ ಈ ಹೋಲಿಕೆ ಮಾಡಿ.