ಓದುಗರ ಪ್ರಶ್ನೆ – ನಮ್ಮ ಉತ್ತರ: ಗ್ರಂಥಾಲಯ ಕರ ಮತ್ತು ಗ್ರಂಥಾಲಯ ಕಾಯ್ದೆ

ಪ್ರಶ್ನೆ: ಆಸ್ತಿ ತೆರಿಗೆ ಕಟ್ಟುವಾಗ ಪ್ರತಿ ವರ್ಷವೂ ಚಲನ್‌ನಲ್ಲಿ ‘ಗ್ರಂಥಾಲಯ ಕರ’ ಇರುತ್ತದೆ. ನಮ್ಮ ಬಡಾವಣೆಯಲ್ಲಿ ಗ್ರಂಥಾಲಯವೇ ಇಲ್ಲ. ಯಾವ ಲೆಕ್ಕದಲ್ಲಿ ಇದನ್ನು ಹಾಕುತ್ತಾರೆ? ದುಡ್ಡು ಎಲ್ಲಿಗೆ ಹೋಗುತ್ತದೆ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965ರ ಪ್ರಕಾರ ಇದನ್ನು ಹಾಕುತ್ತಾರೆ. ದರ ರೂಪಾಯಿಗೆ 6 ಪೈಸೆ. ಮನೆಯ ಬೆಲೆಯ ಮೇಲಲ್ಲ, ಕಟ್ಟಬೇಕಾದ ತೆರಿಗೆಯ ಮೇಲೆ. ತೆರಿಗೆ 2,400 ರೂಪಾಯಿ ಇದ್ದರೆ ಗ್ರಂಥಾಲಯ ಕರ 144. ಅದೇ ಚಲನ್‌ನಲ್ಲಿ ಆರೋಗ್ಯ ಕರ ಶೇ 15ರಂತೆ 360, ಭಿಕ್ಷುಕರ ಕರ ಶೇ 3ರಂತೆ 72 ಇರುತ್ತವೆ. ಮೂರನ್ನೂ ಕೂಡಿಸಿ ‘ಕರ’ ಎಂದು ಒಂದೇ ಸಾಲಿನಲ್ಲಿ ತೋರಿಸಿದ್ದರೆ ಆ ಮೊತ್ತವನ್ನು 4ರಿಂದ ಭಾಗಿಸಿ. ಬರುವುದೇ ಗ್ರಂಥಾಲಯದ ಪಾಲು (24ರಲ್ಲಿ 6).

ಈ ದುಡ್ಡು ಪಾಲಿಕೆಯದಲ್ಲ. ಪಾಲಿಕೆ ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರದ ನಿಧಿಗೆ ದಾಟಿಸಬೇಕು, ಅಷ್ಟೇ. ಎಡವಟ್ಟಾಗುವುದು ಇಲ್ಲಿಯೇ. ತೆರಿಗೆ, ಕರ ಎಲ್ಲವೂ ಒಂದೇ ಖಾತೆಗೆ ಬಿದ್ದರೆ, ಕೈ ಬಿಗಿಯಾದ ತಿಂಗಳಲ್ಲಿ ಕರೆಂಟು ಬಿಲ್ಲು, ಗುತ್ತಿಗೆದಾರರ ಬಿಲ್ಲು ಮುಂದೆ ಹೋಗುತ್ತವೆ, ಗ್ರಂಥಾಲಯದ ಪಾಲು ಪುಸ್ತಕದಲ್ಲಿ ಬಾಕಿಯಾಗಿ ಉಳಿಯುತ್ತದೆ. ಯಾವ ಊರಿನ ಸ್ಥಳೀಯ ಸಂಸ್ಥೆಗೂ ಈ ಮಾತು ಸಲ್ಲುತ್ತದೆ.

ನಿಮ್ಮ ಊರಿನ ಲೆಕ್ಕ ತಿಳಿಯಬೇಕೆಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಯಾಕೆ ಕೊಟ್ಟಿಲ್ಲ’ ಎಂದು ಕೇಳಬೇಡಿ, ಕಾರಣ ಹೇಳುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ ಎಂದು ಅರ್ಜಿ ವಾಪಸ್ ಬರುತ್ತದೆ. ಕಳೆದ ಮೂರು ವರ್ಷಗಳ ಗ್ರಂಥಾಲಯ ಕರದ ಬೇಡಿಕೆ, ವಸೂಲಿ, ಬಾಕಿ, ಜೊತೆಗೆ ದಾಟಿಸಿದ ಮೊತ್ತ, ದಿನಾಂಕ ಮತ್ತು ಚೆಕ್ ಅಥವಾ ಯುಟಿಆರ್ (ಬ್ಯಾಂಕ್ ವರ್ಗಾವಣೆಯ ಗುರುತು) ಸಂಖ್ಯೆ ಕೇಳಿ. ಅದೇ ದಿನ ನಗರ ಕೇಂದ್ರ ಗ್ರಂಥಾಲಯಕ್ಕೂ ಒಂದು ಅರ್ಜಿ ಹಾಕಿ, ಪಾಲಿಕೆಯಿಂದ ಬಂದ ಮೊತ್ತ ಮತ್ತು ದಿನಾಂಕ ಕೇಳಿ. ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಸಂಗತಿ ತಾನಾಗಿ ತಿಳಿಯುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಪ್ರಶ್ನೆ: ನಮ್ಮ ಹಳ್ಳಿಯ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬೇಕೆಂದು ಜಿಲ್ಲಾ ಗ್ರಂಥಾಲಯಕ್ಕೆ ಹೋದರೆ ಪಿಡಿಒ ಅವರನ್ನು ಕೇಳಿ ಅಂತಾರೆ. ನಿಜವಾಗಿ ಅದು ಯಾರ ಸುಪರ್ದಿಯಲ್ಲಿದೆ?
– ಸಿಂಧನೂರು ತಾಲ್ಲೂಕಿನ ಓದುಗರು

ಉತ್ತರ: 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಈಗ ‘ಅರಿವು ಕೇಂದ್ರ’ ಎಂಬ ಬೋರ್ಡು ನೋಡಿರುತ್ತೀರಿ. ಹಾಗಾಗಿ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಆಮೇಲೆ ತಾಲ್ಲೂಕು ಪಂಚಾಯತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಆಮೇಲೆ ಜಿಲ್ಲಾ ಪಂಚಾಯತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ), ಇದೇ ದಾರಿ. ಪೇಟೆಯ ಶಾಖಾ ಗ್ರಂಥಾಲಯಗಳು ಮಾತ್ರ ಹಳೆಯ ಇಲಾಖೆಯಲ್ಲೇ ಉಳಿದಿವೆ. ಮನವಿಯನ್ನು ಬರೀ ಕೈಗೆ ಕೊಟ್ಟು ಬರಬೇಡಿ. ವಾರ್ಡ್ ಸಭೆಯಲ್ಲಿ ಎತ್ತಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಪಂಚಾಯತಿಯ ಲೆಕ್ಕವನ್ನು ಜನರ ಮುಂದೆ ತಪಾಸಿಸುವ ಜಮಾಬಂದಿಯ ದಿನ ಗ್ರಂಥಾಲಯ ಕರದ ಲೆಕ್ಕವನ್ನೂ ಕೇಳಿ ನೋಡಿ.

ಪ್ರಶ್ನೆ: 1965ಕ್ಕೆ ಮೊದಲು ನಮ್ಮ ಭಾಗಕ್ಕೆ ಗ್ರಂಥಾಲಯ ಕಾಯ್ದೆ ಇತ್ತೇ?
– ನಿವೃತ್ತ ಶಿಕ್ಷಕರು, ರಾಯಚೂರು

ಉತ್ತರ: ಇತ್ತು, ಅದೂ ಎರಡು ಬಗೆಯದು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಅಲ್ಲಿ 1948ರ ಮದ್ರಾಸ್ ಗ್ರಂಥಾಲಯ ಕಾಯ್ದೆ. ರಾಯಚೂರು, ಕೊಪ್ಪಳ ನಿಜಾಮರ ನಾಡಿನವು, ಅಲ್ಲಿ 1955ರ ಹೈದರಾಬಾದ್ ಕಾಯ್ದೆ. 1956ರ ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬೇಕಾದ ಕಾರಣಗಳಲ್ಲಿ ಇದೂ ಒಂದು.

ಪ್ರಶ್ನೆ: 1965ರ ಕಾಯ್ದೆ ಹಳತಾಗಿದೆ, ತಿದ್ದುಪಡಿ ಮಾಡಿ ಎಂದು ನಮ್ಮ ಓದುಗರ ಬಳಗ ಸರ್ಕಾರಕ್ಕೆ ಬರೆಯಬೇಕೆಂದಿದೆ. ಏನು ಕೇಳಬೇಕು, ಹೇಗೆ ಬರೆಯಬೇಕು?
– ಕುಷ್ಟಗಿಯ ಓದುಗರ ಬಳಗ

ಉತ್ತರ: ಮೊದಲು ಬೇಡಿಕೆಗಳನ್ನು ಎರಡು ಪಾಲು ಮಾಡಿ. ಸದಸ್ಯತ್ವದ ಠೇವಣಿ, ಎಷ್ಟು ಪುಸ್ತಕ ಎರವಲು, ಬಾಗಿಲು ತೆರೆಯುವ ಹೊತ್ತು ಇವೆಲ್ಲ ನಿಯಮ ಅಥವಾ ಇಲಾಖೆಯ ಆದೇಶದ ಮಟ್ಟದವು. ಇವಕ್ಕೆ ಶಾಸನಸಭೆ ಬೇಕಿಲ್ಲ. ಕರದ ದರ, ಯಾವ ತೆರಿಗೆಯ ಮೇಲೆ ಕರ, ಪ್ರಾಧಿಕಾರದಲ್ಲಿ ಯಾರಿರಬೇಕು ಎನ್ನುವುದಕ್ಕೆ ಕಾಯ್ದೆಯೇ ತಿದ್ದಬೇಕು. ಎರಡನ್ನೂ ಒಂದೇ ಮನವಿಯಲ್ಲಿ ತುರುಕಿದರೆ ಅದು ಶಾಖೆಯಿಂದ ಶಾಖೆಗೆ ಅಲೆಯುತ್ತದೆ, ಸುಲಭವಾಗಿ ಆಗುವ ಕೆಲಸವೂ ಕಷ್ಟದ್ದರ ಜೊತೆ ಸಿಕ್ಕಿಬೀಳುತ್ತದೆ. ಎರಡು ಮನವಿ ಬರೆಯಿರಿ.

ಕಾಯ್ದೆಯ ಮನವಿಯಲ್ಲಿ ಕಲಂ 30ರಿಂದ ಶುರು ಮಾಡಿ. ಕರ ವಿಧಿಸುವುದು ಈ ಕಲಮಿನಲ್ಲಿ. ಮನೆ, ಜಾಗದ ತೆರಿಗೆಯ ಜೊತೆ ಸರಕು ಪ್ರವೇಶದ ತೆರಿಗೆಯ ಮೇಲೂ ಗ್ರಂಥಾಲಯ ಕರ ಇರಲಿ ಎಂಬುದು ಆಗಿನ ಎಣಿಕೆ. ಪ್ರವೇಶ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿಯಲ್ಲಿ ಕರಗಿಹೋಯಿತು. ಉಳಿದಿರುವ ಗಟ್ಟಿ ಆಧಾರ ಆಸ್ತಿ ತೆರಿಗೆಯೊಂದೇ. ತೆರಿಗೆ ಕಡಿಮೆ ಹುಟ್ಟುವ ಊರಿಗೆ ಪುಸ್ತಕವೂ ಕಡಿಮೆ ಎಂಬ ಸ್ಥಿತಿ ಇದರಿಂದಲೇ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ನಮ್ಮ ಮೂರೂ ಜಿಲ್ಲೆಗಳಿಗೆ ದರ ಏರಿಸುವುದಕ್ಕಿಂತ ರಾಜ್ಯದ ಬೊಕ್ಕಸದಿಂದ ಹಿಂದುಳಿದ ತಾಲ್ಲೂಕುಗಳಿಗೆ ಕನಿಷ್ಠ ಅನುದಾನ ಕಾಯ್ದೆಯಲ್ಲೇ ಬರೆಸುವುದು ಹೆಚ್ಚು ಉಪಯೋಗದ್ದು. ಎರಡನೆಯದು, ವಸೂಲಿಯಾದ ಕರವನ್ನು ಯಾವ ತಾರೀಖಿನೊಳಗೆ ದಾಟಿಸಬೇಕು, ತಪ್ಪಿದರೆ ಎಷ್ಟು ಬಡ್ಡಿ ಎಂಬುದು ಸ್ಪಷ್ಟವಾಗಿರಲಿ. ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಮೂರನೆಯದು, ಗ್ರಾಮ ಪಂಚಾಯತಿ ಗ್ರಂಥಾಲಯದ ಪುಸ್ತಕ ಆಯ್ಕೆ, ತಪಾಸಣೆ, ಮೇಲ್ವಿಚಾರಕರ ತರಬೇತಿ ಇವು ಎರಡು ಇಲಾಖೆಗಳಲ್ಲಿ ಯಾರ ಹೊಣೆ ಎಂಬುದು ಕಾಯ್ದೆಯಲ್ಲೇ ಬರಲಿ. ಸಂವಿಧಾನದ 11ನೇ ಅನುಸೂಚಿಯ 20ನೇ ಬಾಬಿನಲ್ಲಿ ಗ್ರಂಥಾಲಯ ಪಂಚಾಯತಿಗಳ ವಿಷಯವಾಗಿದೆ. ನಗರಸಭೆಗಳ 12ನೇ ಅನುಸೂಚಿಯಲ್ಲಿ ಗ್ರಂಥಾಲಯ ಎಂಬ ಪದವೇ ಇಲ್ಲ. ಈ ವ್ಯತ್ಯಾಸವನ್ನು ಮನವಿಯಲ್ಲಿ ತೋರಿಸಿ.

ನಿಯಮದ ಮನವಿಯಲ್ಲಿ ಒಂದು ಮಾತು ತಪ್ಪದೆ ಬರೆಯಿರಿ. ಹಲವು ಕಡೆ ಒಳ್ಳೆಯ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡೇ ಇರುತ್ತದೆ, ಗಾಜಿನಾಚೆ ಬೆನ್ನಷ್ಟೇ ಕಾಣುತ್ತದೆ. ಕಳೆದರೆ ಬೆಲೆ ತಮ್ಮ ತಲೆಗೆ ಬರುತ್ತದೆಂಬ ಅಂಜಿಕೆ ಮೇಲ್ವಿಚಾರಕರಿಗೆ. ಅವರ ಅಂಜಿಕೆ ಸುಳ್ಳಲ್ಲ, ಸಂಬಳ ಸಣ್ಣದು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರಲ್ಲಿ ಇದಕ್ಕೆ ದಾರಿಯಿದೆ: ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ, ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ. ಹಳ್ಳಿಯ ಗ್ರಂಥಾಲಯಕ್ಕೂ ಇಂಥದೇ ರಕ್ಷಣೆ ಕೇಳಿ.

ಬರೆಯುವ ರೀತಿ: ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಈಗಿರುವ ಪದಗಳು, ಬೇಕಾದ ಪದಗಳು, ಕಾರಣ, ತಗಲುವ ಖರ್ಚು. ಖರ್ಚಿನ ಕಾಲಂ ಖಾಲಿ ಬಿಡಬೇಡಿ, ಆರ್ಥಿಕ ಇಲಾಖೆ ಮೊದಲು ನೋಡುವುದು ಅದನ್ನೇ. ಮನವಿ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಗೆ ಹೋಗಲಿ. ಒಪ್ಪಿಗೆಯಾದರೆ ಆರ್ಥಿಕ ಇಲಾಖೆ, ಕಾನೂನು ಮತ್ತು ಶಾಸನ ರಚನೆಯವರು, ಸಚಿವ ಸಂಪುಟ, ಎರಡೂ ಸದನ, ರಾಜ್ಯಪಾಲರ ಅಂಕಿತ, ಕೊನೆಗೆ ರಾಜ್ಯಪತ್ರ. ನಿಮ್ಮ ಶಾಸಕರಿಗೂ, ಈಶಾನ್ಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ವಿಧಾನ ಪರಿಷತ್ ಸದಸ್ಯರಿಗೂ ಪ್ರತಿ ಕೊಡಿ. ಸದನದಲ್ಲಿ ಪ್ರಶ್ನೆ ಕೇಳಿದರೆ ಇಲಾಖೆ ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ. ವಿಳಾಸವಿಲ್ಲದ 500 ಸಹಿಗಿಂತ ಪೂರ್ತಿ ವಿಳಾಸದ 20 ಸಹಿ ಮೇಲು. ಸ್ವೀಕೃತಿಯ ಮೇಲೆ ಕಡತ ಸಂಖ್ಯೆ ಬರೆಸಿಕೊಳ್ಳಿ. ಆ ಸಂಖ್ಯೆ ಇಲ್ಲದಿದ್ದರೆ ಆರು ತಿಂಗಳ ಮೇಲೆ ನಿಮ್ಮ ಮನವಿ ಯಾವ ಮೇಜಿನ ಮೇಲಿದೆ ಎಂದು ಕೇಳುವುದಕ್ಕೂ ಆಗುವುದಿಲ್ಲ.