ಸಿವಿಲ್ ಮುಗಿಸಿದ ಮೇಲೆ ಸೈಟಿಗೆ ಹೋಗಲೋ, ಡಿಸೈನ್ ಆಫೀಸಿಗೆ ಹೋಗಲೋ?

ಬಿಇ ಸಿವಿಲ್ ಮುಗಿದಿದೆ, ಕಂಟ್ರಾಕ್ಟರ್ ಒಬ್ಬರ ಹತ್ತಿರ ಸೈಟ್ ಇಂಜಿನಿಯರ್ ಕೆಲಸ ಸಿಕ್ಕಿದೆ, ಸಂಬಳ ಕಮ್ಮಿ, ಬಿಸಿಲು ಜಾಸ್ತಿ. ಸೇರಲೋ, ಇಲ್ಲ ಸಾಫ್ಟ್‌ವೇರ್ ಕೋರ್ಸ್ ಮಾಡಿ ಡಿಸೈನ್ ಆಫೀಸ್ ಹಿಡಿಯಲೋ ಎಂದು ಕೇಳಿದ್ದೀರಿ.

ಸೇರಿ ಎನ್ನುತ್ತೇನೆ. ಆದರೆ ಒಂದು ಕಟ್ಟಡ ಪಾಯದಿಂದ ತಾರಸಿವರೆಗೆ ಏಳುವಷ್ಟು ಕಾಲ ಸಾಕು, ಹೆಚ್ಚೆಂದರೆ ಎರಡು ವರ್ಷ. ಆ ಎರಡು ವರ್ಷ ಕೂಲಿಯವರ ಹಾಜರಿ ಬರೆದು, ಸಿಮೆಂಟ್ ಮೂಟೆ ಎಣಿಸಿ ಕಳೆದರೆ ಬಯೋಡೇಟಾದಲ್ಲಿ ಒಂದು ಸಾಲು ಸೇರುತ್ತದೆ, ಅಷ್ಟೇ. ಕಲಿಯಬೇಕಾದದ್ದು ಏನೆಂದು ತಿಳಿಯಲು ಮೋಲ್ಡ್ ಹಾಕುವ, ಅಂದರೆ ತಾರಸಿ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ, ಒಂದು ದಿನವನ್ನೇ ನೋಡಿ.

ಕೆಲಸ ಹಿಂದಿನ ದಿನವೇ ಶುರು. ಸೆಂಟ್ರಿಂಗ್ ಪ್ರಾಪ್‌ಗಳು (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅಡಿಯ ಶೀಟುಗಳನ್ನು ಹೊರುವ ಊರುಗಂಬಗಳು) ಮಣ್ಣಿನ ಮೇಲೆ ನಿಂತಿದ್ದರೆ ಬುಡಕ್ಕೆ ಹಲಗೆ ಇದೆಯೇ ನೋಡಿ. ರಾತ್ರಿ ಮಳೆ ಬಂದರೆ ಬರಿ ಮಣ್ಣಿನ ಪ್ರಾಪ್ ಕುಸಿಯುತ್ತದೆ. ಶೀಟುಗಳ ಸಂದಿಗೆ ಟೇಪ್ ಹಾಕಿಸದಿದ್ದರೆ ಸಿಮೆಂಟ್ ಹಾಲು ಸೋರಿ, ಶೀಟ್ ಬಿಚ್ಚಿದಾಗ ಜಲ್ಲಿ ಹಲ್ಲು ಕಿರಿಯುತ್ತದೆ. ಕಂಬಿಯ ಅಂತರ 150 ಮಿಮೀ ಎಂದಿದ್ದರೆ ಎರಡು ಕಂಬಿಯ ನಡುವೆ ಟೇಪ್ ಹಿಡಿದು ಸುಮ್ಮನಾಗಬೇಡಿ. ಹತ್ತು ಕಂಬಿ ಎಣಿಸಿ ಮೊದಲನೆಯದರಿಂದ ಹತ್ತನೆಯದಕ್ಕೆ ಅಳೆಯಿರಿ, 1350 ಮಿಮೀ ಬರಬೇಕು. 1500 ಬಂದರೆ ಹತ್ತರಲ್ಲಿ ಒಂದು ಕಂಬಿ ಮಾಯವಾಗಿದೆ. ಕಂಬಿಯನ್ನು ಶೀಟಿನಿಂದ ದೂರ ಇಡುವ ಕವರ್ ಬ್ಲಾಕ್ ಸ್ಲ್ಯಾಬಿಗೆ 20 ಮಿಮೀ, ಕಾಲಂಗೆ 40. ಅದರ ಬದಲು ಜಲ್ಲಿ ಚೂರು ಇಟ್ಟು ‘ನಡೆಯುತ್ತೆ ಸಾರ್’ ಅನ್ನುತ್ತಾರೆ. ಕಾಲಿಟ್ಟ ತಕ್ಷಣ ಅದು ಜಾರುತ್ತದೆ, ಕಂಬಿ ಶೀಟಿಗೆ ಅಂಟುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಅಡಿಯ ಕಾಂಕ್ರೀಟ್ ಉದುರುತ್ತದೆ.

ಬಾಲ್ಕನಿ ಮತ್ತು ಸಜ್ಜಾದ ಹತ್ತಿರ ಮಾತ್ರ ಪೂರ್ತಿ ಹೊತ್ತು ನೀವೇ ನಿಲ್ಲಿ. ಒಳಗಿನ ಸ್ಲ್ಯಾಬಿಗೆ ನಡುಭಾಗದಲ್ಲಿ ಮುಖ್ಯ ಕಂಬಿ ಕೆಳಗೆ. ಹೊರಕ್ಕೆ ಚಾಚಿದ ಬಾಲ್ಕನಿಗೆ ಮುಖ್ಯ ಕಂಬಿ ಮೇಲೆ. 125 ಮಿಮೀ ದಪ್ಪದ ಬಾಲ್ಕನಿಯಲ್ಲಿ ಮೇಲಿನ ಕವರ್ 20 ಕಳೆದು, 8 ಮಿಮೀ ಕಂಬಿಯ ಅರ್ಧ 4 ಕಳೆದರೆ, ಕಂಬಿಯ ನಡುವಿನಿಂದ ಸ್ಲ್ಯಾಬಿನ ಅಡಿಗೆ 101 ಮಿಮೀ ಉಳಿಯುತ್ತದೆ. ಬಾಂಡ್ಲಿ ಹೊತ್ತವರು ಅದರ ಮೇಲೆ ಓಡಾಡಿ ಕಂಬಿ 40 ಮಿಮೀ ಕೆಳಗಿಳಿದರೆ ಉಳಿಯುವುದು 61. ಕಂಬಿ ಅಷ್ಟೇ ಇದೆ, ಕಾಂಕ್ರೀಟೂ ಅಷ್ಟೇ, ಶಕ್ತಿ ಮಾತ್ರ ಸುಮಾರು ನೂರಕ್ಕೆ ನಲವತ್ತು ಇಳಿಯಿತು. ಮೇಲೆ ಸಿಮೆಂಟ್ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಮೇಲಿನ ಕಂಬಿಯನ್ನು ಎತ್ತಿ ಹಿಡಿಯಲು ಮೀಟರಿಗೊಂದರಂತೆ ಕಂಬಿಯ ಚೇರ್ ಕಟ್ಟಿಸಿ, ಓಡಾಡಲು ಹಲಗೆ ಹಾಕಿಸಿ, ಕಾಂಕ್ರೀಟ್ ಬೀಳುವ ಮುಂಚೆ ಇನ್ನೊಮ್ಮೆ ಟೇಪ್ ಹಿಡಿಯಿರಿ.

ಕಾಂಕ್ರೀಟ್ ಲಾರಿ ಬಂತು ಎಂದರೆ ಮೊದಲು ಚೀಟಿ ಓದಿ: ಯಾವ ದರ್ಜೆ, ಎಷ್ಟು ಹೊತ್ತಿಗೆ ಕಲಸಿದ್ದು. ಕಲಸಿದ ಮೇಲೆ ಎರಡು ಗಂಟೆ ಕಳೆಯುವುದರೊಳಗೆ ಇಳಿಸಬೇಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇದೇ ದೊಡ್ಡ ಜಗಳ. ಮಾಲು ಗಟ್ಟಿಯಾಗಿದ್ದರೆ ಪಂಪಿನವರು ಪೈಪ್ ಹಿಡಿದು ನೀರು ಬಿಡಲು ಬರುತ್ತಾರೆ. ಲೆಕ್ಕ ಹಾಕಿ. ಒಂದು ಘನ ಮೀಟರಿಗೆ 340 ಕೆಜಿ ಸಿಮೆಂಟ್, 170 ಲೀಟರ್ ನೀರಿನ ಎಂ25 (ಕಾಂಕ್ರೀಟಿನ ಶಕ್ತಿಯ ಒಂದು ದರ್ಜೆ) ಎಂದಿಟ್ಟುಕೊಳ್ಳಿ, ನೀರು-ಸಿಮೆಂಟ್ ಅನುಪಾತ 0.50. ಆರು ಘನ ಮೀಟರ್ ಲಾರಿಯಲ್ಲಿ 1020 ಲೀಟರ್ ನೀರು. ಅದಕ್ಕೆ ಇನ್ನೂ 100 ಲೀಟರ್ ಸುರಿದರೆ, ಅಂದರೆ ಬರಿ ಐದು ಬಕೆಟ್, ಅನುಪಾತ 0.55ಕ್ಕೆ ಹೋಯಿತು. ಅದು ಕಾಂಕ್ರೀಟಿನ ಭಾರತೀಯ ಕೋಡ್ ಐಎಸ್ 456 ಎಂ20ಗೆ ಕೊಟ್ಟಿರುವ ಮಿತಿ. ಎಂ25ರ ದುಡ್ಡು ಕೊಟ್ಟು ಎಂ20 ಹಾಕಿಸಿಕೊಂಡಂತಾಯಿತು. ನೀರು ಬೇಡ; ಪ್ಲಾಂಟಿನವರಿಗೆ ಫೋನ್ ಮಾಡಿ, ಅವರ ಲೆಕ್ಕದಂತೆ ಅಡ್ಮಿಕ್ಸ್ಚರ್ (ನೀರಿಲ್ಲದೆ ಮಾಲು ಸಡಿಲಿಸುವ ರಾಸಾಯನಿಕ) ಹಾಕಿಸಿ. ಅದಕ್ಕೂ ಬಗ್ಗದಿದ್ದರೆ ಲಾರಿ ವಾಪಸ್ ಕಳಿಸಿ. ಮೊದಲ ಸಲ ವಾಪಸ್ ಕಳಿಸುವಾಗ ಕೈ ನಡುಗುತ್ತದೆ, ಅದು ಸಹಜ.

10 ಮೀಟರ್‌ಗೆ 12 ಮೀಟರ್ ಸ್ಲ್ಯಾಬ್, 125 ಮಿಮೀ ದಪ್ಪ ಎಂದರೆ 15 ಘನ ಮೀಟರ್. ಅಷ್ಟಕ್ಕೆ ಶಕ್ತಿ ಪರೀಕ್ಷೆಗೆಂದು ಕನಿಷ್ಠ ಎರಡು ಮಾದರಿ, ಮಾದರಿಗೆ ಮೂರರಂತೆ 28 ದಿನದ ಪರೀಕ್ಷೆಗೆ ಆರು ಕ್ಯೂಬ್ (ಅಚ್ಚಿನಲ್ಲಿ ತುಂಬಿದ ಕಾಂಕ್ರೀಟ್ ಘನ). 7 ದಿನದ ಪರೀಕ್ಷೆಗೆ ಬೇರೆಯೇ ತುಂಬಿಸಿ. ಆಗ 28 ದಿನದ ಶಕ್ತಿಯ ಸುಮಾರು ಮೂರರಲ್ಲಿ ಎರಡು ಪಾಲು ಬಂದಿದ್ದರೆ ನೆಮ್ಮದಿ. 150 ಮಿಮೀ ಕ್ಯೂಬನ್ನು ಮೂರು ಪದರದಲ್ಲಿ, ಪದರಕ್ಕೆ 35 ಸಲ ಕುಟ್ಟಿ ತುಂಬಬೇಕು. ಲಾರಿಯ ‘ಒಳ್ಳೇ ಮಾಲು’ ಆರಿಸಿ ತುಂಬಿದರೆ ರಿಪೋರ್ಟ್ ಚೆನ್ನಾಗಿರುತ್ತದೆ, ಸ್ಲ್ಯಾಬ್ ಹೇಗಿದೆಯೋ ಹಾಗೇ ಇರುತ್ತದೆ.

ಅದೇ ದಿನ ಸಂಜೆ ಇನ್ನೊಂದು ಲೆಕ್ಕ. 15 ಬೇಕಿತ್ತು, 16.2 ಇಳಿಯಿತು ಎಂದರೆ ವ್ಯರ್ಥವಾಯಿತು ಎಂದು ಬರೆದು ಕೈತೊಳೆದುಕೊಳ್ಳಬೇಡಿ. ದಪ್ಪ ಬರಿ 10 ಮಿಮೀ ಹೆಚ್ಚಾದರೂ 1.2 ಘನ ಮೀಟರ್ ಹೆಚ್ಚು ಹೋಗುತ್ತದೆ, ಕಟ್ಟಡದ ಮೇಲೆ ಮೂರು ಟನ್ ಹೆಚ್ಚುವರಿ ಭಾರ. ಶೀಟ್ ಎಲ್ಲಿ ಜೋತಿದೆ ಎಂದು ಆ ಅಂಕಿಯೇ ಹುಡುಕಿಸುತ್ತದೆ.

ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಸಾಮಾನ್ಯ ಸಿಮೆಂಟಿಗೆ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟಿಗೆ 10. ಸೆಂಟ್ರಿಂಗ್‌ನವನಿಗೆ ಶೀಟು ಬೇರೆ ಸೈಟಿಗೆ ಬೇಕಾಗಿರುತ್ತದೆ, ನಾಲ್ಕನೇ ದಿನವೇ ಬಂದು ನಿಲ್ಲುತ್ತಾನೆ. ಆಧಾರದಿಂದ ಆಧಾರಕ್ಕೆ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಪ್ರಾಪ್ 7 ದಿನ, ಅದಕ್ಕಿಂತ ಉದ್ದಕ್ಕೆ 14. ಆರು ಮೀಟರ್‌ವರೆಗಿನ ಬೀಮಿಗೆ 14, ಮೇಲ್ಪಟ್ಟರೆ 21. ಬಾಲ್ಕನಿಯ ಪ್ರಾಪನ್ನು ಹೊರತುದಿಯಿಂದ ಒಳಕ್ಕೆ ಬಿಚ್ಚಬೇಕು, ಒಳಗಿನಿಂದ ಹೊರಕ್ಕಲ್ಲ.

ಇಷ್ಟನ್ನೂ ಮೇಸ್ತ್ರಿಯ ಎದುರು ಐಎಸ್ ಕೋಡ್ ಒದರಿ ಮಾಡಿಸಲಾಗದು. ‘ಮೇಸ್ತ್ರೀ, ಇದನ್ನ ಹೀಗ್ಯಾಕೆ ಕಟ್ಟಿದ್ದೀರಿ?’ ಎಂದು ಕೇಳಿ. ಅರ್ಧ ಸಲ ಅವರ ಬಳಿ ನಿಮಗಿಂತ ಒಳ್ಳೆಯ ಕಾರಣ ಇರುತ್ತದೆ. ಉಳಿದರ್ಧಕ್ಕೆ ಪೋರ್ ಕಾರ್ಡ್ (ಕಾಂಕ್ರೀಟ್ ಹಾಕಲು ಒಪ್ಪಿಗೆಯ ಚೀಟಿ) ಇದೆ: ಸೆಂಟ್ರಿಂಗ್, ಕಂಬಿ, ವೈರಿಂಗ್ ಪೈಪ್ ಮೂರಕ್ಕೂ ಸಹಿ ಬೀಳದೆ ಕಾಂಕ್ರೀಟ್ ಆರ್ಡರ್ ಮಾಡಬೇಡಿ. ನಾಳೆ ಬಿರುಕು ಬಂದಾಗ ಮೊದಲು ಹುಡುಕುವುದು ಚಿಕ್ಕ ಇಂಜಿನಿಯರ್‌ನ ಹೆಸರನ್ನೇ.

ಈಗ ಮುಂದಿನ ದಾರಿ. ಬಾರ್ ಬೆಂಡಿಂಗ್ ಶೆಡ್ಯೂಲ್ (ಕಂಬಿಗಳ ಅಳತೆ, ಆಕಾರದ ಪಟ್ಟಿ) ಮತ್ತು ಬಿಲ್ಲಿಂಗ್ ಕೈಗೆ ಹತ್ತಿದರೆ ಕ್ವಾಂಟಿಟಿ ಸರ್ವೇಯರ್, ಅಂದರೆ ಸಾಮಗ್ರಿ ಮತ್ತು ಖರ್ಚಿನ ಲೆಕ್ಕ ಹಾಕುವವರು, ಆಗಬಹುದು. ಗಲ್ಫ್ ಯೋಚನೆ ಇದ್ದರೆ ಇದು ಒಳ್ಳೆಯ ಮೆಟ್ಟಿಲು. ಕಂಬಿಯ ತೂಕಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸುವುದು ನಾಲಿಗೆ ತುದಿಯಲ್ಲಿರಲಿ: 12 ಮಿಮೀಗೆ ಮೀಟರಿಗೆ 0.89 ಕೆಜಿ. ಸರ್ಕಾರಿ ಕೆಲಸ ಬೇಕೆಂದರೆ ಕೆಪಿಎಸ್‌ಸಿ ಮೂಲಕ ಲೋಕೋಪಯೋಗಿ ಇಲಾಖೆಯಂಥ ಕಡೆ ಸಹಾಯಕ ಇಂಜಿನಿಯರ್. ಅಲ್ಲಿಂದ ಸಹಾಯಕ ಕಾರ್ಯಪಾಲಕ, ಕಾರ್ಯಪಾಲಕ, ಅಧೀಕ್ಷಕ, ಮುಖ್ಯ ಇಂಜಿನಿಯರ್ ಎಂಬ ಏಣಿ. ಅಧಿಸೂಚನೆ ಯಾವಾಗ ಬರುತ್ತದೆಂದು ನಂಬಿ ಮನೆಯಲ್ಲಿ ಕೂರುವಂತಿಲ್ಲ, ಕೆಲಸದ ಜೊತೆಗೇ ಓದಬೇಕು. ಡಿಸೈನೇ ಬೇಕೆಂದರೆ ಗೇಟ್ ಪರೀಕ್ಷೆ ಬರೆದು ಸ್ಟ್ರಕ್ಚರಲ್ ಎಂ.ಟೆಕ್ ಮಾಡಿ. ಮೂರು ತಿಂಗಳ ಇಟ್ಯಾಬ್ಸ್ (ಕಟ್ಟಡ ಡಿಸೈನ್ ಸಾಫ್ಟ್‌ವೇರ್) ಕೋರ್ಸ್ ಗುಂಡಿ ಒತ್ತುವುದನ್ನು ಕಲಿಸುತ್ತದೆ, ಬಂದ ಉತ್ತರ ತಪ್ಪೆಂದು ಗುರುತಿಸುವುದನ್ನಲ್ಲ.

ಸೇರುವ ಮುಂಚೆ ಪಿಎಫ್, ರೂಮು, ಭಾನುವಾರದ ರಜೆ, ಯಾವ ಸೀನಿಯರ್ ಕೈಕೆಳಗೆ ಎನ್ನುವುದನ್ನೆಲ್ಲ ಬರಹದಲ್ಲಿ ಕೇಳಿ. ಒಮ್ಮೆ ಸೈಟ್ ಸುತ್ತಿ ಬನ್ನಿ. ಕ್ಯೂಬ್ ಮೋಲ್ಡ್ ಎಲ್ಲಿದೆ ಎಂದು ವಿಚಾರಿಸಿ. ತುಕ್ಕು ಹಿಡಿದು ಸಿಮೆಂಟ್ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದರೆ ಬೇರೆ ಕಂಟ್ರಾಕ್ಟರ್‌ನ ಹುಡುಕಿಕೊಳ್ಳಿ.